ಭಾವನ ಸರ್ಟಿಫಿಕೇಟು, ಅಕ್ಕನ ಕರಿಬೇವು

ನಮ್ಮ ಭಾವ ಲಕ್ಷ್ಮೀಪತಿಯವರು ಕೆಮಿಕಲ್ ತಜ್ಞರಾದದ್ದು ಒಂದು ಖಾಲಿ ಕುರ್ಚಿಯ ದೆಸೆಯಿಂದ.

ಅವರು ದೋಹಾದ ಒಂದು ಕ್ಲೀನಿಂಗ್ ಕಂಪನಿಯಲ್ಲಿದ್ದಾರೆ. ಹಾಗೆಂದ ಕೂಡಲೇ ಅವರು ಏನನ್ನಾದರೂ ಕ್ಲೀನ್ ಮಾಡುತ್ತಾರೆ ಎಂದು ತಿಳಿಯಬೇಡಿ. ಏಸಿ ರೂಮಿನಲ್ಲಿ ಕೂತು, ಬಂದ ಈಮೇಲನ್ನು ಇನ್ನೊಬ್ಬರಿಗೆ ದಾಟಿಸುವುದು ಅವರ ಕೆಲಸ. ಮದುವೆಯಾದ ಲಾಗಾಯ್ತು ತಾವು ಕಾಫಿ ಕುಡಿದ ಲೋಟವನ್ನು ಅವರು ತೊಳೆದದ್ದಿಲ್ಲ. ತೊಳೆಯಲು ಹೋದರೆ ನಮ್ಮಕ್ಕ ಅರುಂಧತಿ ಬಿಡುವುದಿಲ್ಲ ಎಂದು ಅವರು ಹೇಳುತ್ತಾರೆ. ಹೋದರೆ ತಾನೇ ಬಿಡದೆ ಇರೋದು ಎಂದು ನಮ್ಮಕ್ಕ ಹೇಳುತ್ತಾಳೆ.

ಒಂದು ದಿನ ಅವರ ಆಫೀಸಿನಲ್ಲಿ ಸೂಪರ್‌ವೈಸರುಗಳಿಗೆ ಕೆಮಿಕಲ್ ಸೇಫ್ಟಿ ತರಬೇತಿ ಇತ್ತು. ಗ್ಯಾವಿನ್ ಎಂಬ ಸೂಪರ್‌ವೈಸರು ಹಲ್ಲುನೋವೆಂದು ಬರಲಿಲ್ಲ. ಫೋಟೋದಲ್ಲಿ ಕುರ್ಚಿ ಖಾಲಿ ಕಾಣಬಾರದೆಂದು ಮ್ಯಾನೇಜರು, ಕಾರಿಡಾರಿನಲ್ಲಿ ಚಹಾ ಹಿಡಿದು ಹೋಗುತ್ತಿದ್ದ ಭಾವನನ್ನು ತಂದು ಅದರಲ್ಲಿ ಕೂರಿಸಿದರು. ಮಧ್ಯಾಹ್ನ ವೆಜ್ ಬಿರಿಯಾನಿ ಕೊಟ್ಟರು. ಸಂಜೆ ಸರ್ಟಿಫಿಕೇಟು ಕೊಟ್ಟರು. ಜೊತೆಗೆ ಸ್ಯಾಂಪಲ್ಲೆಂದು ಒಂದು ಬಾಟಲಿ ಟಾಯ್ಲೆಟ್ ಆಸಿಡ್, ರಬ್ಬರಿನ ಕೈಗವಸು, ಕಣ್ಣಿಗೆ ದೊಡ್ಡ ಪ್ಲಾಸ್ಟಿಕ್ ಕನ್ನಡಕ, ಮತ್ತು ಅಪಾಯದ ಸ್ಟಿಕ್ಕರುಗಳ ಒಂದು ಸುರುಳಿ. ಆ ಸುರುಳಿಯೊಂದನ್ನು ಕೊಡದೆ ಹೋಗಿದ್ದರೆ ನಾನು ಇವತ್ತು ಇಷ್ಟೆಲ್ಲ ಹೇಳುವ ಸಂದರ್ಭವೇ ಬರುತ್ತಿರಲಿಲ್ಲ.

ನಾನು ಸಂತೋಷ, ಅರುಂಧತಿಯ ತಮ್ಮ. ಕೆಲಸ ದೋಹಾದಾಚೆ ಮೆಸಯೀದ್ ಎಂಬ ಕೆಮಿಕಲ್ ಕಾರ್ಖಾನೆಗಳ ಊರಿನಲ್ಲಿ. ಮೆಸಯೀದ್ ಎಂದರೆ ಜನ ನನ್ನನ್ನು ದೊಡ್ಡ ಕೆಮಿಕಲ್ ಇಂಜಿನಿಯರ್ ಎಂದುಕೊಳ್ಳುತ್ತಾರೆ. ನಾನು ಅಲ್ಲಿ ನೌಕರರ ಬಸ್ಸುಗಳನ್ನು ನೋಡಿಕೊಳ್ಳುವವನು. ಶುಕ್ರವಾರ ರಜೆ. ಬೆಳಿಗ್ಗೆ ಎದ್ದು ದೋಹಾದ ಅಲ್ ಅಜೀಜಿಯಾಕ್ಕೆ ಬಂದು ಅಕ್ಕನ ಕೈಯ ಮೈಸೂರು ಸಾರು ಉಂಡು ಮಲಗುವುದು ನನ್ನ ಧರ್ಮ. ಅದಕ್ಕೆ ಅಡ್ಡ ಬಂದವರ ಮೇಲೆ ನನಗೆ ಕೋಪ ಬರುತ್ತದೆ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಅಕ್ಕ-ಭಾವ ಇರುವುದು ಉಮ್ ಸಾದ್ ಎಂಬ ಕತಾರಿ ಅಜ್ಜಿಯ ವಿಲ್ಲಾದ ಹಿಂದಿನ ಔಟ್‌ಹೌಸಿನಲ್ಲಿ. ಕೆಳಗೆ ಇವರು, ಮೇಲೆ ಉಡುಪಿ ಕಡೆಯ ಯೂಜಿನ್ ಮತ್ತು ವಿಲ್ಮಾ ದಂಪತಿ. ಅಂಗಳದಲ್ಲಿ ಅಕ್ಕ ಬೆಳೆಸಿದ ಕರಿಬೇವಿನ ಮರ. ಊರಿಂದ ಬಂದ ಬೀಜ, ಬೇಸಿಗೆಯಲ್ಲಿ ಸೀರೆಯ ಚಪ್ಪರ, ಮರಳುಗಾಳಿ ಬಂದಾಗ ಎಲೆಎಲೆಗೂ ಸ್ನಾನ. ಹೀಗೆ ಸಾಕಿದ್ದಕ್ಕೆ ಅದು ಈಗ ಭಾವನಿಗಿಂತ ಎತ್ತರವಾಗಿದೆ. ಅಜೀಜಿಯಾದ ಅರ್ಧ ಒಗ್ಗರಣೆ ಅದರ ಮೇಲೆ ನಿಂತಿದೆ. ಭಾವ ಮಾತ್ರ ಸಾರಿನಲ್ಲಿ ಬಂದ ಕರಿಬೇವನ್ನು ಒಂದೊಂದಾಗಿ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾರೆ. ಅಕ್ಕನಿಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಈ ವರ್ಷ ಮರಕ್ಕೆ ಗಂಡಾಂತರ ಬಂದಿತ್ತು. ಅಜ್ಜಿಯ ಮಗ ಸಾದ್‌ಗೆ ಔಟ್‌ಹೌಸ್ ಕೆಡವಿ ತನ್ನ ಕಾರುಗಳಿಗೆ ಶೆಡ್ ಕಟ್ಟುವ ಆಸೆ. ಬಾಡಿಗೆಯ ಕರಾರು ಈದ್‌ಗೆ ಮುಗಿಯುತ್ತದೆ. ಮುಂದುವರಿಸುವುದೂ ಬಿಡುವುದೂ ಅಜ್ಜಿಯ ಕೈಯಲ್ಲಿ. ಆ ಅಜ್ಜಿಗೆ ಲೋಕದಲ್ಲಿ ಪ್ರೀತಿಯದೆಂದರೆ ವಿಲ್ಲಾಕ್ಕೂ ಔಟ್‌ಹೌಸಿಗೂ ನಡುವೆ ಹೊಸದಾಗಿ ಹಾಕಿಸಿದ ಬಿಳಿ ಮಾರ್ಬಲ್ಲಿನ ಜಗಲಿ. ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟಾಗ ಅಕ್ಕನನ್ನು ಕರೆದು ತನ್ನ ಗಲ್ಫ್ ಹಿಂದಿಯಲ್ಲಿ ಹೇಳಿದ್ದಳು: "ಅರಂದಾ, ಮಾರ್ಬಲ್ ಅಚ್ಛಾ ರಹೇಗಾ, ತುಮ್ ರಹೇಗಾ, ಪೇಡ್ ರಹೇಗಾ. ಮಾರ್ಬಲ್ ಖರಾಬ್, ಖಲಾಸ್!"

ಅಂದಿನಿಂದ ಅಕ್ಕ ಆ ಜಗಲಿಯ ಮೇಲೆ ತುದಿಗಾಲಲ್ಲೇ ಓಡಾಡುತ್ತಿದ್ದಳು.

ಇಂಥ ಸಮಯದಲ್ಲಿ ಭಾವ ತಜ್ಞರಾಗಿ ಮನೆಗೆ ಬಂದರು. ಮುಂದಿನ ಶುಕ್ರವಾರ ನಾನು ಹೋದಾಗ ಸರ್ಟಿಫಿಕೇಟು ಲ್ಯಾಮಿನೇಟ್ ಆಗಿ, ಮದುವೆಯ ಫೋಟೋ ಇದ್ದ ಮೊಳೆಗೆ ನೇತಾಡುತ್ತಿತ್ತು. ಮದುವೆಯ ಫೋಟೋ ಫ್ರಿಜ್ಜಿನ ಮೇಲೆ ಮಲಗಿತ್ತು. ಅಡುಗೆಮನೆಯಲ್ಲಿ ಸ್ಟಿಕ್ಕರು ಇಲ್ಲದ ವಸ್ತುವನ್ನು ಹುಡುಕಬೇಕಿತ್ತು. ಕರ್ಪೂರದ ಡಬ್ಬಿಗೆ ಬೆಂಕಿಯ ಚಿತ್ರ. ಅದು ಸರಿಯೇ ಎನ್ನೋಣ. ನಿಂಬೆ ಉಪ್ಪಿನಕಾಯಿಗೆ ಕೈ ಸುಡುವ ಚಿತ್ರ. ನಮ್ಮಮ್ಮ ಮೈಸೂರಿಂದ ಕಳಿಸಿದ ಕಷಾಯದ ಪುಡಿಗೆ ತಲೆಬುರುಡೆ.

"ನಮ್ಮಮ್ಮನ ಕಷಾಯಕ್ಕೆ ಬುರುಡೆ ಅಂಟಿಸಿದಾರೆ ಕಣೋ ಸಂತು," ಎಂದು ಅಕ್ಕ ಕಣ್ಣಲ್ಲಿ ನೀರು ತಂದುಕೊಂಡಳು.

"ಕುಡಿದು ನೋಡಿದೀನಿ, ಅದಕ್ಕೇ ಅಂಟಿಸಿದ್ದು," ಎಂದರು ಭಾವ. "ಸಂತೋಷ, ನೀನು ಮೆಸಯೀದ್‌ನಲ್ಲಿದ್ದೀಯ ಅಂತ ಎಲ್ಲಾ ಗೊತ್ತಿದೆ ಅಂದ್ಕೋಬೇಡ. ನೀರಿಗೆ ಆಸಿಡ್ ಹಾಕ್ಬೇಕೋ, ಆಸಿಡ್‌ಗೆ ನೀರು ಹಾಕ್ಬೇಕೋ? ಹೇಳು ನೋಡೋಣ."

"ಎರಡೂ ಬೇಡ ಭಾವ, ಅನ್ನಕ್ಕೆ ಸಾರು ಹಾಕಿಸಿ."

"ನೀರಿಗೆ ಆಸಿಡ್! ಆಸಿಡ್‌ಗೆ ನೀರು ಹಾಕಿದ್ರೆ ಮುಖಕ್ಕೆ ಹಾರತ್ತೆ." ಇದು ನಿಜವಾದ ಮಾತು. ಆದರೆ ಭಾವ ಅದನ್ನು ಹಾರ್ಲಿಕ್ಸಿಗೂ ಅನ್ವಯಿಸಿದ್ದರು. ಮೊದಲು ಹಾಲು, ಆಮೇಲೆ ಪುಡಿ, ಒಂದು ಮಾರು ದೂರದಿಂದ.

ಬಟ್ಟೆಗಳಿಗೂ ಬಣ್ಣದ ಕಾನೂನು ಬಂತು. ಕೆಂಪು ಬಟ್ಟೆ ಟಾಯ್ಲೆಟ್ಟಿಗೆ, ಹಸಿರು ಅಡುಗೆಮನೆಗೆ. ಅಕ್ಕ ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡಿದ್ದ ಕೆಂಪು ರವಿಕೆ ಕಣವನ್ನು ಬಚ್ಚಲಿಗೆ ವರ್ಗ ಮಾಡಿದರು. ವಿಲ್ಮಾ ತಮ್ಮ ಕಡೆಯ ಸಣ್ಣ ಎಂಬ ಇಡ್ಲಿಗಳನ್ನು ಬಿಸಿಬಿಸಿಯಾಗಿ ಕೆಂಪು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಾಗ ಭಾವ ಎರಡು ಹೆಜ್ಜೆ ಹಿಂದೆ ಸರಿದು, "ಇದು ಕ್ರಾಸ್ ಕಂಟ್ಯಾಮಿನೇಷನ್," ಎಂದರು. ವಿಲ್ಮಾ ಅದನ್ನು ಹೊಗಳಿಕೆ ಎಂದುಕೊಂಡು, "ಥ್ಯಾಂಕ್ಸ್, ನನ್ನ ಮಮ್ಮಿಯ ರೆಸಿಪಿ," ಎಂದು ನಕ್ಕು ಹೋದರು.

"ಅಡುಗೆಮನೆ ಇನ್ಮೇಲೆ ಗ್ರೀನ್ ಝೋನ್," ಎಂದು ಭಾವ ಘೋಷಿಸಿದರು. "ಇಲ್ಲಿ ಅಡುಗೆ ಬಿಟ್ಟು ಬೇರೆ ಕೆಲಸ ಇಲ್ಲ. ತಿಕ್ಕೋದು, ಉಜ್ಜೋದು, ಪಾಲಿಶ್ ಮಾಡೋದು ಎಲ್ಲಾ ಗಾಳಿ ಆಡೋ ಕಡೆ, ಹೊರಗೆ. ಅರು, ಬರಕೊಂಡ್ಯಾ?"

"ತಲೇಲಿ ಬರಕೊಂಡೆ ಕಣ್ರೀ," ಎಂದಳು ಅಕ್ಕ, ಹಲ್ಲು ಕಚ್ಚಿ.

ಆಗ ನಾನು ಸಾರಿನ ಕಡೆ ಗಮನ ಕೊಟ್ಟಿದ್ದೆ. ಆ ಮಾತಿನ ಕಡೆ ಕೊಡಬೇಕಿತ್ತು.

ಅದರ ಮುಂದಿನ ಶುಕ್ರವಾರ. ನಾನು ಗೇಟು ತೆಗೆಯುವಾಗಲೇ ಅಕ್ಕ ಮಾರ್ಬಲ್ ಜಗಲಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಏನನ್ನೋ ಉಜ್ಜುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ, ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಲ್ಲಿನ ಮೇಲೆ ಎರಡು ದುಂಡನೆಯ ಮಂಕು ಉಂಗುರಗಳು, ಸುತ್ತಲೂ ಸಿಡಿದ ಹನಿಗಳ ಕಲೆ. ನೀರು ಹಾಕಿದರೆ ಮಾಯ, ಒಣಗಿದರೆ ಮತ್ತೆ ಹಾಜರ್.

"ಹೋಗ್ತಾನೇ ಇಲ್ಲ ಕಣೋ ಸಂತು," ಎಂದಳು. "ಅಜ್ಜಿ ಏರ್‌ಪೋರ್ಟಿಂದ ಹೊರಟಾಗಿದೆಯಂತೆ. ನಮಾಜ್ ಮುಗಿಯೋ ಹೊತ್ತಿಗೆ ಬರ್ತಾರೆ. ನನ್ನ ಮರ ಹೋಯ್ತು."

ಮನೆಯಾದರೆ ಇನ್ನೊಂದು ಸಿಗುತ್ತದೆ, ಅಷ್ಟೆತ್ತರದ ಕರಿಬೇವನ್ನು ಬೇರು ಕಿತ್ತು ಎಲ್ಲಿಗೆ ಒಯ್ಯುವುದು? ಸಮಾಧಾನ ಹೇಳೋಣವೆನ್ನುವಷ್ಟರಲ್ಲಿ ಭಾವ ಬಾಗಿಲಿಗೆ ಬಂದರು. ಕಲೆ ನೋಡಿದರು. ಮೂಗೆತ್ತಿ ಗಾಳಿ ಮೂಸಿದರು. ನನ್ನನ್ನು ಮೂಲೆಗೆ ಎಳೆದುಕೊಂಡು ಹೋದರು.

"ಸಂತೋಷ, ಕೆಟ್ಟೆ ಕಣಯ್ಯಾ. ಆ ಆಸಿಡ್ ಬಾಟಲಿ ನಾನು ಜಗಲಿ ಪಕ್ಕದ ಬೀರುವಿನಲ್ಲೇ ಇಟ್ಟಿದ್ದೆ. ಸೋರಿರಬೇಕು. ಮೇಲಿಂದ ಬರ್ತಿರೋ ವಾಸನೆ ನೋಡಿದ್ಯಾ? ವಿಲ್ಮಾ ಮೆಟ್ಟಿಲಿಗೆ ಬ್ಲೀಚ್ ಹಾಕಿ ತೊಳೆದಿದಾರೆ. ನೀರು ಇಲ್ಲಿಗೇ ಹರಿಯತ್ತೆ. ಆಸಿಡ್ಡು, ಬ್ಲೀಚು, ಎರಡೂ ಸೇರಿದ್ರೆ ಏನಾಗತ್ತೆ ಗೊತ್ತಾ?"

"ಏನಾಗತ್ತೆ?"

"ಕ್ಲೋರಿನ್ ಗ್ಯಾಸ್! ಮಹಾಯುದ್ಧದಲ್ಲಿ ಬಿಟ್ಟಿದ್ರಲ್ಲ, ಅದು!"

ಬ್ಲೀಚಿನೊಂದಿಗೆ ಆಸಿಡ್ ಬೆರೆಸಿದರೆ ವಿಷಗಾಳಿ ಬರುತ್ತದೆ ಎನ್ನುವುದು ತಮಾಷೆಯ ಮಾತಲ್ಲ. ಭಾವ ಆ ದಿನ ಬಿರಿಯಾನಿಗೆ ಮುಂಚೆ ಕಲಿತದ್ದೆಲ್ಲ ಸರಿಯಾಗಿಯೇ ಕಲಿತಿದ್ದರು. ಬೀರು ತೆರೆದು ಬಾಟಲಿ ಸೋರಿದೆಯೇ ಎಂದು ನೋಡುವ ಪಾಠ ಬಿರಿಯಾನಿಯ ನಂತರ ಇತ್ತೆಂದು ಕಾಣುತ್ತದೆ.

"ಬೀರು ತೆಗೆದು ನೋಡೋಣ," ಎಂದೆ.

"ಹುಚ್ಚಾ! ಮೊದಲು ಜನರನ್ನ ಹೊರಗೆ ಹಾಕೋದು, ಆಮೇಲೆ ನೋಡೋದು."

ಕನ್ನಡಕ ಏರಿಸಿದರು. ಕೈಗವಸು ತೊಟ್ಟರು. ಮೂಗಿಗೆ ಒಂದರ ಮೇಲೊಂದು ಮಾಸ್ಕು. ಅಕ್ಕನ ಎರಡು ಸೀರೆಗಳನ್ನು ಗಂಟು ಹಾಕಿ ಜಗಲಿಗೆ ಬೇಲಿ ಕಟ್ಟಿ, ಅದರ ಉದ್ದಕ್ಕೂ ಬುರುಡೆಯ ಸ್ಟಿಕ್ಕರುಗಳನ್ನು ಅಂಟಿಸಿದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು, "ಇವ್ಯಾಕ್ಯುಯೇಟ್! ಇವ್ಯಾಕ್ಯುಯೇಟ್!" ಎಂದು ಕಿರುಚಿದರು.

ಯೂಜಿನ್ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಆಪರೇಟರು. ರಾತ್ರಿ ಪಾಳಿ ಮುಗಿಸಿ ಬಂದು ಆಗ ತಾನೇ ಮಲಗಿದ್ದರು. ಲುಂಗಿಯಲ್ಲಿ, ತಲೆದಿಂಬು ಸಮೇತ ಕೆಳಗಿಳಿದು ಬಂದರು.

"ಎಂತದು ಮಾರಾಯ್ರೆ ಇದು? ಡ್ಯೂಟಿಯಲ್ಲಿಯೂ ಗ್ಯಾಸ್, ಮನೆಯಲ್ಲಿಯೂ ಗ್ಯಾಸಾ? ನನ್ನ ಮೂಗಿಗೆ ಬ್ಲೀಚ್ ಬಿಟ್ಟರೆ ಬೇರೆ ಎಂತದೂ ಬರುವುದಿಲ್ಲವಲ್ಲ."

"ಮೂಗನ್ನ ನಂಬಬೇಡಿ ಯೂಜಿನ್! ನಿಮ್ಮ ಪ್ಲಾಂಟಲ್ಲಿ ಏನ್ ಹೇಳಿಕೊಟ್ಟಿದಾರೆ?"

ಕೆಲವು ಗ್ಯಾಸುಗಳು ಮೊದಲು ಮೂಗನ್ನೇ ಕೊಲ್ಲುತ್ತವೆ ಎನ್ನುವುದು ಯೂಜಿನ್ ಅವರ ಪ್ಲಾಂಟಿನ ಮೊದಲ ದಿನದ ಪಾಠ. ಅವರು ಒದ್ದೆ ಬೆರಳೆತ್ತಿ ಗಾಳಿಯ ದಿಕ್ಕು ನೋಡಿ, ದಿಂಬು ಬಗಲಲ್ಲಿಟ್ಟುಕೊಂಡು, ಕರಿಬೇವಿನ ಮರದ ಕೆಳಗೆ ಹೋಗಿ ನಿಂತರು. ವಿಲ್ಮಾ ಹಿಂದೆಯೇ ಬಂದರು, ಕೈಯಲ್ಲಿ ಹಿಟ್ಟು ಮೆತ್ತಿದ ಸೌಟು.

"ಬ್ಲೀಚ್ ಹಾಕಿದ್ದು ನಾನೇ. ಪ್ರತಿ ಶುಕ್ರವಾರ ಹಾಕುವುದುಂಟು. ಇಷ್ಟು ದಿವಸ ಸಾಯದವರು ಇವತ್ತು ಸಾಯುವುದಾ?" ಎಂದು ಕೇಳಿದರು.

ಅದೇ ಗಳಿಗೆಗೆ ಗೇಟಿನಲ್ಲಿ ಆಯಿಷಮ್ಮ ಕಾಣಿಸಿಕೊಂಡರು. ಪಕ್ಕದ ಬೀದಿಯವರು, ವಾರಕ್ಕೊಮ್ಮೆ ಕರಿಬೇವಿಗೆ ಬರುವವರು. ಸೀರೆಯ ಬೇಲಿ, ಬುರುಡೆ, ಕನ್ನಡಕದ ಭಾವ ಇಷ್ಟನ್ನೂ ಒಂದೇ ನೋಟದಲ್ಲಿ ನೋಡಿ, "ಯಾ ಅಲ್ಲಾ! ಅರುಂಧತಿಯಮ್ಮಾ, ಎಂತಾಯ್ತು?" ಎಂದು ಕೂಗಿ, ಉತ್ತರಕ್ಕೆ ಕಾಯದೆ ಫೋನು ತೆಗೆದರು.

ಮುಂದಿನದನ್ನು ನಾನು ನನ್ನ ಫೋನಿನಲ್ಲೇ ಓದಿದೆ. ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದದ್ದು, 'ಲಕ್ಷ್ಮೀಪತಿಯವರ ಮನೆಯಲ್ಲಿ ಗ್ಯಾಸ್' ಎಂದು. ಅದಕ್ಕೆ ಒಬ್ಬರು 'ಸಿಲಿಂಡರಾ?' ಎಂದರು. ಪ್ರಶ್ನೆಯ ಚಿಹ್ನೆ ಮುಂದಿನವರ ಕೈಯಲ್ಲಿ ಬಿದ್ದುಹೋಯಿತು. 'ಸಿಲಿಂಡರ್ ಸ್ಫೋಟ'ವಾಯಿತು. ಯಾವ ಆಸ್ಪತ್ರೆ ಎಂದು ಒಬ್ಬರು ಕೇಳಿದರು. ಫಿಡೆಲಿಸ್ ಎನ್ನುವವರು ಕೈ ಮುಗಿದ ಚಿತ್ರ ಹಾಕಿದರು. ಅದರ ಕೆಳಗೆ ಎಲ್ಲರೂ ಕೈ ಮುಗಿದರು. ಕೊನೆಗೆ ಸಂಘದ ಕಾರ್ಯದರ್ಶಿಗಳು, 'ಸರಳ ಸಜ್ಜನ ಲಕ್ಷ್ಮೀಪತಿಯವರ ಸೇವೆ ಅವಿಸ್ಮರಣೀಯ' ಎಂದು ಬರೆದರು.

ಭಾವ ನನ್ನ ಭುಜದ ಮೇಲಿಂದ ಬಗ್ಗಿ ಓದಿದರು. ಕನ್ನಡಕದೊಳಗೆ ಕಣ್ಣು ತೇವವಾಯಿತು.

"ಬದುಕಿದ್ದಾಗ ಒಬ್ಬರೂ ಇಷ್ಟು ಹೇಳಿರಲಿಲ್ಲ ಕಣೋ," ಎಂದರು.

"ಬದುಕೇ ಇದ್ದೀರಿ ಭಾವ."

ಯಾರೋ ಪುಣ್ಯಾತ್ಮರು ತುರ್ತು ನಂಬರಿಗೂ ಫೋನು ಮಾಡಿದ್ದರು. ಅಗ್ನಿಶಾಮಕದ ಕೆಂಪು ಬಂಡಿಯೊಂದು ಸೈರನ್ ಹಾಕಿಕೊಂಡು ಬೀದಿಗೆ ತಿರುಗಿತು. ಅದರ ಹಿಂದೆಯೇ, ದಾರಿ ಬಿಡೆಂದು ಹಾರ್ನ್ ಮಾಡುತ್ತ ಇನ್ನೊಂದು ಕಾರು. ಅದರಲ್ಲಿ ಉಮ್ ಸಾದ್, ಪಕ್ಕದಲ್ಲಿ ಮಗ ಸಾದ್, ಹಿಂದಿನ ಸೀಟಿನಲ್ಲಿ ಮೆಕ್ಕಾದಿಂದ ತಂದ ಜಮ್‌ಜಮ್ ನೀರಿನ ಕ್ಯಾನು.

ಬಂಡಿಯಿಂದ ಇಳಿದ ಅಧಿಕಾರಿ ಎಳೆ ವಯಸ್ಸಿನವನು, ಬಹಳ ಮರ್ಯಾದಸ್ಥ. "ಏನು ವಸ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಕೆಮಿಕಲ್, ಸರ್. ನಾನು ಸರ್ಟಿಫೈಡ್," ಎಂದರು ಭಾವ.

ಅಧಿಕಾರಿ ತನ್ನವರನ್ನು ಹಿಂದೆ ನಿಲ್ಲಿಸಿ, ತಾನು ಸರಿಯಾದ ಮುಖವಾಡ ಹಾಕಿಕೊಂಡು, ಒಂದು ಯಂತ್ರ ಹಿಡಿದು ಒಳಗೆ ಹೋದ. ಸಾದ್ ಮರವನ್ನೂ ಔಟ್‌ಹೌಸನ್ನೂ ಕಣ್ಣಲ್ಲೇ ಅಳೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅಧಿಕಾರಿ ಮುಖವಾಡ ಕಳಚಿ ಹೊರಗೆ ಬಂದ. ಒಂದು ಕೈಯಲ್ಲಿ ಕಷಾಯದ ಪುಡಿಯ ಡಬ್ಬಿ, ಇನ್ನೊಂದರಲ್ಲಿ ಆಸಿಡ್ ಬಾಟಲಿ.

"ಗ್ಯಾಸ್ ಮಾಫಿ, ಗ್ಯಾಸ್ ಇಲ್ಲ," ಎಂದ. "ಈ ಬಾಟಲಿ ಸೀಲೇ ಒಡೆದಿಲ್ಲ. ಇದು?" ಎಂದು ಬುರುಡೆಯ ಡಬ್ಬಿ ಎತ್ತಿದ.

"ನಮ್ಮತ್ತೆ ಕಳಿಸಿದ್ದು, ಸರ್."

ಅಧಿಕಾರಿಗೂ ಅತ್ತೆ ಇದ್ದಿರಬೇಕು, ಮುಂದೆ ಕೇಳಲಿಲ್ಲ. ಭಾವ ಬಾಟಲಿಯನ್ನು ಅವನಿಂದ ಇಸಕೊಂಡು ನನ್ನ ಕಡೆ ತಿರುಗಿಸಿ ಮೆಲ್ಲಗೆ ಹೇಳಿದರು: "ಮಕ್ಕಳು ತೆಗೀಬಾರದು ಅಂತ ಅದುಮಿ ತಿರುಗಿಸೋ ಮುಚ್ಚಳ ಇಟ್ಟಿದಾರೆ ಕಣೋ. ನನಗೆ ತೆಗೆಯಕ್ಕೆ ಬರಲೇ ಇಲ್ಲ."

ಅಷ್ಟರಲ್ಲಿ ಅಜ್ಜಿ ಕಾರಿಂದ ಇಳಿದು, ಕೋಲೂರಿಕೊಂಡು, ಸೀರೆಯ ಬೇಲಿಯನ್ನು ಕೋಲಿಂದಲೇ ಎತ್ತಿ ಜಗಲಿಗೆ ಬಂದಿದ್ದಳು. ಬಗ್ಗಿ ನೋಡಿದಳು. "ಶಿನು ಹಾದಾ? ಯೇ ಕ್ಯಾ ಹೈ? ಮೇರಾ ಮಾರ್ಬಲ್!"

ಗ್ಯಾಸಿದ್ದರೆ ಗ್ಯಾಸಿನ ಮೇಲೆ ಹಾಕಬಹುದಿತ್ತು. ಈಗ ಬರೀ ಕಲೆ ಉಳಿದಿತ್ತು.

ಅಕ್ಕ ಆ ಉಂಗುರಗಳನ್ನೇ ನೋಡುತ್ತ ನಿಂತಿದ್ದವಳು ಏನೋ ಹೊಳೆದಂತೆ ಸರಕ್ಕನೆ ಒಳಗೆ ಹೋದಳು. ದೇವರ ಮುಂದಿನ ಎರಡು ಹಿತ್ತಾಳೆ ದೀಪದ ಕಂಬಗಳನ್ನು ತಂದಳು. ಒಂದನ್ನು ಒಂದು ಉಂಗುರದ ಮೇಲೆ ಇಟ್ಟಳು. ಪಾದ ಗೆರೆಗೆ ಗೆರೆ ಕೂತಿತು. ಎರಡನೆಯದೂ ಕೂತಿತು.

"ನಾನೇ ಮಾಡಿದ್ದು ಅಮ್ಮಾ," ಎಂದಳು. ಕಣ್ಣಿಂದ ನೀರು ಸುರಿಯುತ್ತಿತ್ತು. "ನಿನ್ನೆ ಸಂಜೆ ಇಲ್ಲಿ ಕೂತ್ಕೊಂಡು ಹುಣಸೆಹಣ್ಣು ಹಚ್ಚಿ ದೀಪ ಉಜ್ಜಿದೆ. ಕತ್ತಲೆ, ಕಾಣಲಿಲ್ಲ. ಚೆನ್ನಾಗಿ ನೀರು ಹಾಕಿ ತೊಳೆದೆ. ಇಷ್ಟು ವರ್ಷ ಅಡುಗೆಮನೆ ಕರೀ ಕಲ್ಲಿನ ಮೇಲೆ ಉಜ್ಜಿದೀನಿ, ಏನೂ ಆಗಿರಲಿಲ್ಲ. ಹೊರಗೆ ಉಜ್ಜು ಅಂತ ಇವರೇ..." ಎಂದು ಭಾವನ ಕಡೆ ನೋಡಿ ನಿಲ್ಲಿಸಿದಳು.

ಅಕ್ಕನ ಕನ್ನಡವನ್ನು ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಹುಣಸೆಹಣ್ಣು ಎಂದರೇನೆಂದು ಅವರಿಗೆ ತಿಳಿಯಲಿಲ್ಲ. ಅಕ್ಕ ಬಟ್ಟಲು ತಂದು ತೋರಿಸಿದಳು. ಇಡೀ ಮನೆಯಲ್ಲಿ ಸ್ಟಿಕ್ಕರು ಅಂಟದ ಪಾತ್ರೆ ಅದೊಂದೇ.

"ತಮರ್ ಹಿಂದಿ!" ಎಂದು ಅಧಿಕಾರಿ ನಕ್ಕುಬಿಟ್ಟ. "ರಮದಾನ್‌ನಲ್ಲಿ ನಾವು ಶರಬತ್ತು ಮಾಡಿ ಕುಡಿಯುತ್ತೇವೆ! ಆದರೆ ಸರ್, ಇದೂ ಆಸಿಡ್ಡೇ. ಮಾರ್ಬಲ್ಲಿಗೆ ಹುಳಿ ತಾಗಬಾರದು. ನಿಮ್ಮ ತರಬೇತಿಯಲ್ಲಿ ಹೇಳಲಿಲ್ಲವೇ?"

ಭಾವ ಕನ್ನಡಕ ತೆಗೆದರು. ತೊಟ್ಟಾಗ ತಜ್ಞರಂತೆ ಕಾಣುತ್ತಿದ್ದ ಮನುಷ್ಯ, ತೆಗೆದ ಮೇಲೆ ನಮ್ಮ ಭಾವನಂತೆಯೇ ಕಂಡರು. ನನಗೆ ಪಾಪ ಎನಿಸಿತು.

"ಹೊರಗೆ ಉಜ್ಜು ಅಂದಿದ್ದು ನಾನು, ಅಮ್ಮಾ," ಎಂದು ಅಜ್ಜಿಯ ಮುಂದೆ ಕೈ ಜೋಡಿಸಿದರು. "ಅವಳದೇನೂ ತಪ್ಪಿಲ್ಲ. ನನ್ನನ್ನ ಬೇಕಾದ್ರೆ ಹೊರಗೆ ಹಾಕಿ. ಮರ ಕಡೀಬೇಡಿ." ಇದನ್ನು ಅವರು ಕನ್ನಡದಲ್ಲೇ ಹೇಳಿದರು. ಅಷ್ಟು ಗಾಬರಿ.

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಕೈ ಎತ್ತಿ ಸುಮ್ಮನಿರಿಸಿದಳು. ಅವಳ ಕಣ್ಣು ಮಾರ್ಬಲ್ಲಿನ ಮೇಲಿರಲಿಲ್ಲ, ದೀಪದ ಕಂಬದ ಮೇಲಿತ್ತು. ಬಿಸಿಲಿಗೆ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಬಗ್ಗಿ ತನ್ನ ಮುಖವನ್ನು ಅದರಲ್ಲಿ ನೋಡಿಕೊಂಡಳು. "ಯೇ ತಮರ್ ಹಿಂದಿ ಸೇ ಹುವಾ?" ಎಂದು ಕೇಳಿದಳು.

ಅಕ್ಕ ತಲೆಯಾಡಿಸಿದಳು.

ಅಜ್ಜಿ ವಿಲ್ಲಾದೊಳಗೆ ಹೋದಳು. ತಿರುಗಿ ಬಂದಾಗ ಅವಳ ಹಿಂದೆ ಸಾದ್ ಬಂದ. ಅವನ ಎರಡೂ ತೋಳಿನ ತುಂಬ ಹಿತ್ತಾಳೆಯ ಕಾಫಿ ಹೂಜಿಗಳು, ಅವರು ದಲ್ಲಾ ಎನ್ನುವಂಥವು, ಕಪ್ಪುಗಟ್ಟಿ ಗುರುತೇ ಸಿಗದ ಹಾಗಿದ್ದವು. ಅಜ್ಜಿಯ ತಾಯಿಯವಂತೆ. ಯಾವ ಅಂಗಡಿಯ ಪಾಲಿಶಿಗೂ ಬಗ್ಗಿರಲಿಲ್ಲವಂತೆ.

"ಮಾರ್ಬಲ್ ಪಾಲಿಶ್ ಕಾ ಆದ್ಮಿ ಆಯೇಗಾ," ಎಂದಳು ಅಜ್ಜಿ. "ಸಾದ್ ಕಾ ಗಾಡಿ ಧೂಪ್ ಮೇ ರಹೇಗಾ. ಅರಂದಾ ರಹೇಗಾ, ಪೇಡ್ ರಹೇಗಾ." ಆಮೇಲೆ ಕೋಲನ್ನು ಭಾವನ ಎದೆಗೆ ನೇರ ಮಾಡಿ, "ಯೇ ಸಬ್ ಕೌನ್ ಸಾಫ್ ಕರೇಗಾ? ಸರ್ಟಿಫಿಕೇಟ್‌ವಾಲಾ. ಯಲ್ಲಾ, ಜಲ್ದಿ!"

ಅಕ್ಕ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಯೂಜಿನ್ ದಿಂಬಿನ ಸಮೇತ ಮೇಲೆ ಹೋಗಿ ಮಲಗಿದರು. ಆಯಿಷಮ್ಮ ಗುಂಪಿಗೆ 'ಲಕ್ಷ್ಮೀಪತಿ ಬದುಕಿದ್ದಾರೆ' ಎಂದು ಹಾಕಿದರು. ಅದಕ್ಕೂ ಕಾರ್ಯದರ್ಶಿಗಳು ಅಭ್ಯಾಸಬಲದಿಂದ ಕೈ ಮುಗಿದರು.

ಅಂದು ಮಧ್ಯಾಹ್ನವೆಲ್ಲ ಭಾವ ಕರಿಬೇವಿನ ನೆರಳಲ್ಲಿ, ಮಾರ್ಬಲ್ಲಿಂದ ದೂರ, ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತು ಹೂಜಿ ಉಜ್ಜಿದರು. ಬೆರಳು ಸುಕ್ಕಾಯಿತು, ಸೊಂಟ ಹಿಡಿಯಿತು. ಒಂದು ಹೂಜಿ ಹೊಳೆಯಿತು. ಎಷ್ಟು ಉಳಿದಿವೆ ಎಂದು ಅವರೂ ನೋಡಲಿಲ್ಲ, ನಾನೂ ಹೇಳಲಿಲ್ಲ. ಒಳಗೆ ಬಂದು, ಸರ್ಟಿಫಿಕೇಟನ್ನು ಮೊಳೆಯಿಂದ ತೆಗೆದು, ಫ್ರಿಜ್ಜಿನ ಮೇಲಿದ್ದ ಮದುವೆಯ ಫೋಟೋವನ್ನು ಒರೆಸಿ ಅದೇ ಮೊಳೆಗೆ ಹಾಕಿದರು. ಒರೆಸಿದ್ದು ಕೆಂಪು ಬಟ್ಟೆಯಲ್ಲಿ. ನಾನು ನೋಡದವನಂತೆ ಇದ್ದೆ.

ತಡವಾದ ಊಟಕ್ಕೆ ಮೂವರೂ ಕೂತೆವು. ಅಕ್ಕ ಸೌಟಿನಲ್ಲಿ ಸಾರು ತೆಗೆದು ಭಾವನ ತಟ್ಟೆಯ ಮೇಲೆ ಹಿಡಿದು ತಡೆದಳು.

"ಇದರಲ್ಲಿ ಹುಣಸೆಹಣ್ಣಿದೆ ಕಣ್ರೀ. ಕೈಗವಸು ಹಾಕ್ಕೋತೀರಾ?"

ಭಾವ ಅನ್ನ ಕಲಸಿದರು. ಸಾರಿನಲ್ಲಿ ಬಂದ ಕರಿಬೇವಿನ ಎಲೆಯನ್ನು ಎರಡು ಬೆರಳಲ್ಲಿ ಎತ್ತಿದರು. ಅಕ್ಕ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು. ಭಾವ ಎಲೆಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅಗಿದು ನುಂಗಿದರು.